ಗುಂಪಿಗೊಬ್ಬ ನಂಜುಂಡ

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ನಮ್ಮ ಮನೆ ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ ಇರಬೇಕಿತ್ತು. ಒಂಬತ್ತೂವರೆಗೆ ಇದ್ದದ್ದು ಒಂದೇ ಜೊತೆ, ಅದೂ ನನ್ನ ಮಗಳದ್ದು. ಮನೆಯವಳೇ ಆದ್ದರಿಂದ ಅದನ್ನು ಹಾಜರಿ ಅಂತ ಬರೆದುಕೊಳ್ಳುವ ಹಾಗಿಲ್ಲ. ಹತ್ತಕ್ಕೆ ಇನ್ನೊಂದು ಜೊತೆ ಬಂತು. ಹತ್ತೂಕಾಲಿಗೆ ಮತ್ತೊಂದು. ನಾಲ್ಕನೆಯ ಜೊತೆ ಮಾತ್ರ ‘ಬಸ್ಸಲ್ಲಿದೀನಿ’ ಅಂತ ಫೋನಿನಲ್ಲೇ ಹೇಳಿಕೊಂಡಿತ್ತು. ಹನ್ನೊಂದಕ್ಕೂ ಬಸ್ಸಲ್ಲಿತ್ತು, ನಾವು ಊಟದ ಎಲೆ ತೆಗೆಯುವಾಗಲೂ ಬಸ್ಸಲ್ಲೇ ಇತ್ತು. ಟಿ. ನರಸೀಪುರದಿಂದ ನಂಜನಗೂಡಿಗೆ ಬರುವುದು ಕಾಶಿಯಾತ್ರೆಯೇನಲ್ಲ. ಆದರೆ ಹೊರಡದೇ ಇರುವವನಿಗೆ ಎಲ್ಲ ಊರೂ ಕಾಶಿಯೇ.

ಇಷ್ಟು ಜನ ಸೇರಬೇಕಾಗಿದ್ದದ್ದು ಗುಂಪು ಪ್ರಾಜೆಕ್ಟಿಗೆ. ಮಗಳು ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಏಳನೆಯ ಸೆಮಿಸ್ಟರು. ವಿಟಿಯುವಿನ 2022ರ ಸ್ಕೀಮಿನಲ್ಲಿ ಆ ಸೆಮಿಸ್ಟರಿಗೆ ‘ಪ್ಯಾರಲಲ್ ಕಂಪ್ಯೂಟಿಂಗ್’ ಅನ್ನುವ ಪೇಪರಿದೆ, ಜೊತೆಗೆ ಲ್ಯಾಬೂ ಇದೆ. ಸಾಲದು ಅಂತ ಇವರ ಮೇಷ್ಟ್ರು ನಾಲ್ಕು ನಾಲ್ಕು ಜನರನ್ನು ಕಟ್ಟಿ ಹಾಕಿ, ‘ಒಂದೇ ಕೆಲಸವನ್ನು ಚಿಪ್ಪಿನೊಳಗಿನ ಹಲವು ಕೋರುಗಳಿಗೆ, ಅಂದರೆ ಲೆಕ್ಕ ಮಾಡುವ ಮಿದುಳುಗಳಿಗೆ, ಹಂಚಿ ಬೇಗ ಮುಗಿಸಿ ತೋರಿಸಿ’ ಅಂದಿದ್ದರು. ಮೇಷ್ಟ್ರು ಬುದ್ಧಿವಂತರು. ಕೋರುಗಳಿಗೆ ಕೂಡಿ ದುಡಿಯುವುದನ್ನು ಕಲಿಸುವ ಮೊದಲು ಇವರು ಕೂಡಿ ದುಡಿಯಲಿ ಅನ್ನುವ ಕುಹಕ ಅದರಲ್ಲಿ ಇಲ್ಲದೆ ಇಲ್ಲ.

ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತನಾದವನು. ಎಣಿಸುವುದು ಬಿಟ್ಟು ಬೇರೆ ವಿದ್ಯೆ ನನಗಿಲ್ಲ. ಆದರೂ ಹಜಾರದಲ್ಲಿ ಮಕ್ಕಳು ಕೂತು ಮಾತಾಡುತ್ತಿದ್ದರೆ ಪೇಪರಿನ ಹಿಂದೆ ಮುಖ ಮರೆಸಿಕೊಂಡು ಕಿವಿ ಕೊಡುವುದು ನಿವೃತ್ತರ ಜನ್ಮಸಿದ್ಧ ಹಕ್ಕು. ಹಾಗೆ ಕದ್ದು ಕಲಿತದ್ದನ್ನೇ ಇಲ್ಲಿ ಒಪ್ಪಿಸುತ್ತಿದ್ದೇನೆ.

ಈ ಹಂಚಿ ದುಡಿಸುವ ಗೀಳು ಯಾಕೆ ಬಂತು ಅಂತ ಮೊದಲು ಕೇಳಿದೆ. “ಅಪ್ಪಾ, ಮುಂಚೆ ವರ್ಷ ವರ್ಷ ಚಿಪ್ಪಿನ ವೇಗ ಏರ್ತಾ ಇತ್ತು. ಆಮೇಲೆ ಬಿಸಿ ತಡೆಯೋಕೆ ಆಗ್ಲಿಲ್ಲ. 2005ರ ಹೊತ್ತಿಗೆ ಒಂದು ಚಿಪ್ಪಲ್ಲಿ ಎರಡು ಕೋರ್ ಇಟ್ಟು ಮಾರೋಕೆ ಶುರು ಮಾಡಿದ್ರು” ಅಂದಳು. ಅರ್ಥವಾಯಿತು. ಒಂದೇ ಎತ್ತಿಗೆ ಎಷ್ಟು ಬಾರಿಕೋಲು ಬೀಸಿದರೂ ಓಡುವುದಕ್ಕೆ ಒಂದು ಮಿತಿ ಇದೆ. ಆಮೇಲೆ ಇನ್ನೊಂದು ಎತ್ತು ಕಟ್ಟಬೇಕು. ಸೂಪರ್ ಕಂಪ್ಯೂಟರುಗಳ ಪಿತಾಮಹ ಸೀಮೋರ್ ಕ್ರೇಗೆ ಮಾತ್ರ ಈ ವಾದ ಹಿಡಿಸುತ್ತಿರಲಿಲ್ಲವಂತೆ. ಹೊಲ ಉಳುವುದಕ್ಕೆ ಎರಡು ಬಲವಾದ ಎತ್ತು ಬೇಕೋ, 1,024 ಕೋಳಿ ಬೇಕೋ ಅಂತ ಅವನು ಕೇಳಿದನೆಂದು ಪ್ರತೀತಿ. ನಮ್ಮ ಕಡೆಯ ರೈತ ಆಗಿದ್ದರೆ ‘ಕೋಳಿನ ಸಾರಿಗಾಕು, ಎತ್ತು ಕಟ್ಟು’ ಅಂತ ಅಲ್ಲೇ ತೀರ್ಪು ಕೊಡುತ್ತಿದ್ದ. ತಮಾಷೆ ಏನೆಂದರೆ, 2015ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ‘ಸಹಸ್ರಟಿ’ ಅನ್ನುವ ಯಂತ್ರ ಬಂತಲ್ಲ, ಅದು ಕ್ರೇ ಹೆಸರು ಹೊತ್ತ ಕಂಪನಿಯದ್ದೇ. ಅದರೊಳಗೆ ಮೂವತ್ತಮೂರು ಸಾವಿರ ಕೋರುಗಳಿದ್ದವು. ಎತ್ತಿನ ಪಕ್ಷದವನ ಹೆಸರಿನಲ್ಲೇ ಕೋಳಿಫಾರಂ!

ಅದಕ್ಕೂ ಮೊದಲೇ, 1986ರಲ್ಲಿ, ಬೆಂಗಳೂರಿನ ಎನ್‌ಎಎಲ್‌ನವರು ‘ಫ್ಲೋಸಾಲ್ವರ್’ ಅಂತ ಸಮಾಂತರವಾಗಿ ದುಡಿಯುವ ಕಂಪ್ಯೂಟರು ಕಟ್ಟಿದ್ದರು, ಪುಣೆಯ ಸಿ-ಡ್ಯಾಕ್‌ನವರ ‘ಪರಮ್ 8000’ 1991ರಲ್ಲಿ ಬಂತು. ಅಂದರೆ ಕೂಡಿ ದುಡಿಯುವ ಯಂತ್ರ ನಮ್ಮ ರಾಜ್ಯಕ್ಕೆ ಬಂದು ನಲವತ್ತು ವರ್ಷವಾಗುತ್ತಾ ಬಂತು. ಕೂಡಿ ದುಡಿಯುವ ಮಕ್ಕಳು ಯಾವ ಬಸ್ಸಿನಲ್ಲಿದ್ದಾರೋ.

ಇರಲಿ, ತಂಡದ ಪರಿಚಯ ಮಾಡಿಕೊಡುತ್ತೇನೆ. ಮಗಳು ಒಬ್ಬಳು. ಇನ್ನೊಬ್ಬ ಕನ್ನಡಕದ ಹುಡುಗ, ‘ನನ್ನ ಪಾರ್ಟ್ ಮುಗೀತು’ ಅನ್ನುವುದು ಅವನ ಬೀಜಮಂತ್ರ. ಮೂರನೆಯವಳು ಸ್ಲೈಡಮ್ಮ. ಕೆಲಸ ಶುರುವಾಗುವ ಮೊದಲೇ ‘ಥ್ಯಾಂಕ್ ಯೂ’ ಅನ್ನುವ ಕೊನೆಯ ಸ್ಲೈಡು ಮುಗಿಸಿ, ಅದರಲ್ಲಿ ಗುಲಾಬಿ ಹೂವು ಯಾವ ಮೂಲೆಗೆ ಇಡಬೇಕು ಅಂತ ಯೋಚಿಸುವವಳು. ನಾಲ್ಕನೆಯವನಿಗೆ ನಾನೇ ಹೆಸರಿಟ್ಟೆ: ಗುಪ್ತಗಾಮಿನಿ.

ಹೆಸರಿಗೆ ಕಾರಣ ಉಂಟು. ಅವನ ಊರು ಟಿ. ನರಸೀಪುರದಲ್ಲಿ ಮೂರು ನದಿ ಸೇರುತ್ತವೆ. ಕಾವೇರಿ ಕಣ್ಣಿಗೆ ಕಾಣುತ್ತಾಳೆ, ನಮ್ಮ ಕಪಿಲೆಯೂ ಕಾಣುತ್ತಾಳೆ. ಮೂರನೆಯದು ಸ್ಫಟಿಕ ಸರೋವರ. ಅದು ಗುಪ್ತವಾಗಿ ಬಂದು ಸೇರುತ್ತದೆ ಅಂತ ನಂಬಿಕೆ. ಕಾಣಲಿ ಬಿಡಲಿ, ಪುಣ್ಯದಲ್ಲಿ ಮೂರಕ್ಕೂ ಸಮಪಾಲು. 1989ರಿಂದ ಮೂರು ವರ್ಷಕ್ಕೊಮ್ಮೆ ಅಲ್ಲಿ ಕುಂಭಮೇಳ ನಡೆಯುತ್ತಿದೆ, ಮುಳುಗು ಹಾಕಿದವರು ಯಾರೂ ‘ಮೂರನೆಯದು ಎಷ್ಟು ನೀರು ಕೊಟ್ಟಿತು’ ಅಂತ ಲೆಕ್ಕ ಕೇಳಿದವರಲ್ಲ. ಪ್ರತಿ ಗುಂಪು ಪ್ರಾಜೆಕ್ಟಿಗೂ ಇಂಥದ್ದೊಂದು ಗುಪ್ತಗಾಮಿನಿ ಇರುತ್ತದೆ. ವರದಿಯ ಮೊದಲ ಪುಟದಲ್ಲಿ ಹೆಸರು ಇರುತ್ತದೆ, ರಿಜಿಸ್ಟರ್ ನಂಬರೂ ಇರುತ್ತದೆ. ಆಸಾಮಿ ಮಾತ್ರ ಭೂಮಿಯ ಅಡಿಯಲ್ಲಿ ಹರಿಯುತ್ತಿರುತ್ತಾನೆ.

ಪ್ರಾಜೆಕ್ಟಿನ ವಿಷಯ ನಮ್ಮೂರಿನದ್ದೇ. ಫಾಲ್ಗುಣದಲ್ಲಿ ನಡೆಯುವ ದೊಡ್ಡ ಜಾತ್ರೆಯ ದಿನ ರಥಬೀದಿಯಲ್ಲಿ ಜನ ಹೇಗೆ ಹರಿಯುತ್ತಾರೆ, ಎಲ್ಲಿ ಒತ್ತುತ್ತಾರೆ ಅನ್ನುವುದನ್ನು ಕಂಪ್ಯೂಟರಿನಲ್ಲಿ ತೋರಿಸುವುದು. ಒಬ್ಬೊಬ್ಬ ಭಕ್ತನಿಗೆ ಒಂದೊಂದು ಚುಕ್ಕಿ. ಚುಕ್ಕಿ ಮುಂದೆ ಹೆಜ್ಜೆ ಇಡಬೇಕಾದರೆ ಎದುರಿಗೆ ಜಾಗ ಇದೆಯೋ, ಪಕ್ಕದವನು ತಳ್ಳುತ್ತಿದ್ದಾನೋ ಅಂತ ನೋಡಬೇಕು. ಎರಡು ಸಾವಿರ ಚುಕ್ಕಿಗಳನ್ನು ಒಂದೇ ಕೋರು ನಡೆಸಿದರೆ ನಿಧಾನ. ಅದಕ್ಕೆ ರಥಬೀದಿಯನ್ನು ನಾಲ್ಕು ತುಂಡು ಮಾಡಿ, ತುಂಡಿಗೊಂದು ‘ಥ್ರೆಡ್’ ಇಟ್ಟು, ನಾಲ್ಕೂ ಒಟ್ಟಿಗೆ ನಡೆಸುವುದು ಯೋಜನೆ. ಥ್ರೆಡ್ ಅಂದರೆ ದಾರ. ದಾರ ಅಂದ ಮೇಲೆ ಗಂಟು ಬೀಳದೆ ಇರುತ್ತದೆಯೇ?

ಅಷ್ಟರಲ್ಲಿ ನಮಗೆ ಹಾಲು ಹಾಕುವ ಅಕ್ಕ ಬಂದರು. ಅವರು ಮೂಗೂರಿನ ಕಡೆಯವರು. ಹಜಾರದಲ್ಲಿ ಮೂರು ಲ್ಯಾಪ್‌ಟಾಪು, ಆರು ಲೋಟ ಕಂಡು, “ಏನ್ ಮಕ್ಳಾ, ಕೆಲ್ಸ ಅಂಚ್ಕಂಡ್ರಾ?” ಅಂದರು. ನಮ್ಮ ಕಡೆ ಹಳ್ಳಿಯ ಬಾಯಲ್ಲಿ ‘ಹ’ಕಾರ ನಿಲ್ಲುವುದಿಲ್ಲ, ಹಾಲು ಆಲಾಗುತ್ತದೆ, ಹಂಚು ಅಂಚಾಗುತ್ತದೆ. ಮಕ್ಕಳು ಮುಸಿಮುಸಿ ನಕ್ಕರು. ನಾನೂ ಪೇಪರಿನ ಹಿಂದೆ ನಕ್ಕೆ. ಆ ಮಾತಿನಲ್ಲೇ ಪ್ರಾಜೆಕ್ಟಿನ ಪೂರ್ತಿ ಸಾರ ಇತ್ತು ಅನ್ನುವುದು ಗೊತ್ತಾಗುವುದಕ್ಕೆ ನಮಗೆ ಇನ್ನೂ ಮೂರು ವಾರ ಬೇಕಾಯಿತು.

ಹಂಚಿಕೆ ಆಯಿತು. ಚುಕ್ಕಿ ನಡೆಸುವುದು ಮಗಳಿಗೆ. ಬೀದಿ ತುಂಡು ಮಾಡಿ ಥ್ರೆಡ್ಡುಗಳಿಗೆ ಕೊಡುವುದು ಕನ್ನಡಕಕ್ಕೆ. ಸ್ಲೈಡು, ವರದಿ ಸ್ಲೈಡಮ್ಮನಿಗೆ. ಗುಪ್ತಗಾಮಿನಿಗೆ ಏನು ಅಂತ ಬಹಳ ಯೋಚಿಸಿ, ಕೊನೆಗೆ ‘ಟೆಸ್ಟಿಂಗ್’ ಅಂತ ಬರೆದರು. ಏನೂ ಇಲ್ಲ ಅನ್ನುವುದಕ್ಕೆ ಎಂಜಿನಿಯರಿಂಗಿನಲ್ಲಿ ಇರುವ ಮರ್ಯಾದೆಯ ಪದ ಅದು.

ಕೋರುಗಳನ್ನು ಕೂಡಿ ದುಡಿಸುವ ವಿದ್ಯೆಯಲ್ಲಿ ಎರಡು ಸಂಪ್ರದಾಯವಿದೆಯಂತೆ. ಒಂದು 1997ರಲ್ಲಿ ಬಂದ ಓಪನ್‌ಎಂಪಿ, ಇನ್ನೊಂದು 1994ರಲ್ಲಿ ಬಂದ ಎಂಪಿಐ. ಮಗಳು ಅರ್ಧ ಗಂಟೆ ವಿವರಿಸಿದಳು. ನನ್ನ ಹೆಂಡತಿ ಹುಳಿ ಕಲಸುತ್ತಾ ಒಂದೇ ವಾಕ್ಯದಲ್ಲಿ ಮುಗಿಸಿದಳು: “ಒಂದು ಒಟ್ಟು ಕುಟುಂಬ, ಇನ್ನೊಂದು ಪಾಲಾದ ಸಂಸಾರ.” ಒಟ್ಟು ಕುಟುಂಬದಲ್ಲಿ ಒಂದೇ ಅಡುಗೆಮನೆ, ಒಂದೇ ಉಪ್ಪಿನ ಜಾಡಿ, ಯಾರು ಬೇಕಾದರೂ ಕೈ ಹಾಕಬಹುದು. ಪಾಲಾದ ಮೇಲೆ ಅವರವರ ಜಾಡಿ ಅವರವರ ಮನೆಯಲ್ಲಿ. ಉಪ್ಪು ಬೇಕಾದರೆ ಬಟ್ಟಲು ಕಳಿಸಬೇಕು, ಆ ಕಡೆಯವರು ತುಂಬಿ ವಾಪಸ್ ಕಳಿಸಬೇಕು. ಒಟ್ಟು ಕುಟುಂಬದ ಅಪಾಯ ಏನು? ಸಾರಿಗೆ ಉಪ್ಪಿಲ್ಲ ಅಂತ ಅತ್ತೆ ರುಚಿ ನೋಡಿ ಗೊತ್ತುಮಾಡಿಕೊಂಡು ಜಾಡಿಗೆ ಕೈ ಹಾಕುತ್ತಾರೆ. ಅದೇ ಗಳಿಗೆಯಲ್ಲಿ ಸೊಸೆಯೂ ರುಚಿ ನೋಡಿರುತ್ತಾಳೆ. ಇಬ್ಬರೂ ಹಾಕುತ್ತಾರೆ. ಇಬ್ಬರದ್ದೂ ತಪ್ಪಿಲ್ಲ, ಸಾರು ಮಾತ್ರ ಬಾಯಿಗಿಡುವ ಹಾಗಿಲ್ಲ. ಇದಕ್ಕೆ ‘ರೇಸ್ ಕಂಡಿಷನ್’ ಅನ್ನುತ್ತಾರೆ. ಪರಿಹಾರ ಬಚ್ಚಲುಮನೆಯ ಚಿಲಕದ್ದು: ಒಳಗೆ ಒಬ್ಬರು ಇರುವಾಗ ಇನ್ನೊಬ್ಬರು ಹೊರಗೆ ಕಾಯಬೇಕು. ನಮ್ಮ ಬ್ಯಾಂಕಿನಲ್ಲೂ ಹಾಗೇ ಇತ್ತು. ಲೆಡ್ಜರು ಒಬ್ಬನ ಮೇಜಿನ ಮೇಲಿದ್ದರೆ ಇನ್ನೊಬ್ಬ ಅದರಲ್ಲಿ ಬರೆಯುವ ಹಾಗಿರಲಿಲ್ಲ. ನಿಧಾನವಾದರೂ ಲೆಕ್ಕ ತಾಳೆಯಾಗುತ್ತಿತ್ತು.

ಚಿಲಕ ಹೆಚ್ಚಾದರೆ ಇನ್ನೊಂದು ರೋಗ. ನಿನ್ನ ಚಿಲಕ ತೆಗೆದರೆ ನಾನು ತೆಗೆಯುತ್ತೇನೆ, ನಾನು ತೆಗೆದರೆ ನೀನು ಅಂತ ಇಬ್ಬರೂ ಕಲ್ಲಾಗಿ ನಿಲ್ಲುವುದು. ಇಂಗ್ಲಿಷಿನಲ್ಲಿ ಇದಕ್ಕೆ ‘ಡೆಡ್‌ಲಾಕ್’ ಅಂತ ಹೆಸರು. ನೆದರ್ಲೆಂಡಿನ ಡೈಕ್‌ಸ್ಟ್ರಾ ಅನ್ನುವ ದೊಡ್ಡ ಪಂಡಿತ 1965ರಲ್ಲಿ ಪರೀಕ್ಷೆಗೆ ಕೊಟ್ಟ ಲೆಕ್ಕವೊಂದು ಮುಂದೆ ‘ಊಟಕ್ಕೆ ಕೂತ ತತ್ತ್ವಜ್ಞಾನಿಗಳು’ ಅಂತ ಪ್ರಸಿದ್ಧವಾಯಿತಂತೆ. ಐದು ಜನ ಜ್ಞಾನಿಗಳು ದುಂಡುಮೇಜಿನ ಸುತ್ತ, ಐದೇ ಫೋರ್ಕು, ತಿನ್ನಲು ಒಬ್ಬೊಬ್ಬರಿಗೆ ಎರಡೆರಡು ಬೇಕು. ಎಲ್ಲರೂ ಎಡಗಡೆಯದ್ದನ್ನು ಹಿಡಿದು ಬಲಗಡೆಯದಕ್ಕೆ ಕಾಯುತ್ತಾ ಉಪವಾಸ ಸಾಯುತ್ತಾರೆ. ದೇವಸ್ಥಾನದ ದಾಸೋಹದಲ್ಲಿ ಕೂತಿದ್ದರೆ ಈ ಕಷ್ಟ ಇರುತ್ತಿರಲಿಲ್ಲ; ಕೈ ಅವರವರ ಹತ್ತಿರವೇ ಇರುತ್ತದೆ. ಅಷ್ಟಕ್ಕೂ ಈ ರೋಗಲಕ್ಷಣವನ್ನು ನಮ್ಮ ಗಾದೆ ಎಂದೋ ಬರೆದಿಟ್ಟಿದೆ: ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಲ್ಯಾಬಿನಲ್ಲಿ ಬೇಕೆಂದೇ ಈ ಗಂಟು ಹಾಕಿ, ಕರೆಗಳ ಸರದಿ ಅದಲುಬದಲು ಮಾಡಿ ಬಿಚ್ಚಿ ತೋರಿಸುವ ಪ್ರಯೋಗವೇ ಇದೆಯಂತೆ. ಹಾಕುವುದು ಇವರಿಗೆ ಸುಲಭವಾಯಿತು. ‘ನೀನು ಕೋಡ್ ಕೊಟ್ರೆ ನಾನು ಸ್ಲೈಡ್ ಮಾಡ್ತೀನಿ’, ‘ನೀನು ಸ್ಲೈಡ್ ತೋರಿಸಿದ್ರೆ ನಾನು ಕೋಡ್ ಬರೀತೀನಿ’ ಅಂತ ಒಂದು ವಾರ ಮೇಷ್ಟ್ರ ಸಹಾಯವಿಲ್ಲದೆಯೇ ಪ್ರಯೋಗ ನಡೆಸಿದರು.

ಎರಡನೆಯ ಭಾನುವಾರ ನಾನು ಧೈರ್ಯ ಮಾಡಿ ಬಾಯಿ ಹಾಕಿದೆ. “ಕೆಲಸ ತಡ ಆಗ್ತಿದ್ರೆ ಇನ್ನೂ ನಾಲ್ಕು ಜನ ಸ್ನೇಹಿತರನ್ನ ಕರೆದುಕೊಳ್ಳಿ.” ಕನ್ನಡಕ ನನ್ನ ಕಡೆ ಕರುಣೆಯಿಂದ ನೋಡಿದ. “ಹಾಗ್ ಮಾಡಿದ್ರೆ ಇನ್ನೂ ತಡ ಆಗುತ್ತೆ ಅಂಕಲ್. ಅದಕ್ಕೊಂದು ಲಾ ಇದೆ.” ಇತ್ತು. ಐಬಿಎಂನ ಸಿಸ್ಟಂ 360 ಅನ್ನುವ ದೊಡ್ಡ ಗುಂಪು ಪ್ರಾಜೆಕ್ಟಿನಲ್ಲಿ ಕೂಡಿ ದುಡಿದ ಇಬ್ಬರು, ಜೀನ್ ಆಮ್ಡಾಲ್ ಮತ್ತು ಫ್ರೆಡ್ ಬ್ರೂಕ್ಸ್. 1964ರಲ್ಲಿ ಯಂತ್ರವನ್ನು ಲೋಕಕ್ಕೆ ತೋರಿಸಿದರು. ಆಮೇಲೆ ಇಬ್ಬರೂ ಒಂದೊಂದು ನಿಯಮ ಹೇಳಿ ಹೆಸರಾದರು. ಎರಡೂ ಹೊಟ್ಟೆ ಉರಿದು ಹೇಳಿದ ಹಾಗೇ ಇವೆ. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಅಂತ ಬ್ರೂಕ್ಸ್ 1975ರಲ್ಲಿ ಬರೆದ. ನಾಲ್ಕು ಜನರಿದ್ದರೆ ಪರಸ್ಪರ ಮಾತಿನ ಎಳೆ ಆರು. ಎಂಟು ಜನರಾದರೆ ಇಪ್ಪತ್ತೆಂಟು. ಜನ ಎರಡು ಪಟ್ಟು, ಮಾತು ನಾಲ್ಕೂವರೆ ಪಟ್ಟಿಗೂ ಹೆಚ್ಚು. ಮದುವೆ ಮನೆಯಲ್ಲಿ ನೆಂಟರು ಹೆಚ್ಚಾದಷ್ಟೂ ಕೆಲಸ ಕೆಡುವುದು ಇದಕ್ಕೇ.

ಆಮ್ಡಾಲನದು 1967ರ ಮಾತು. ಅದನ್ನು ನನ್ನ ಹೆಂಡತಿಯ ಹುಳಿಯ ಪಾತ್ರೆಗೇ ಹಾಕಿ ನೋಡೋಣ. ದೊಡ್ಡ ಅಡುಗೆಗೆ ಒಬ್ಬರಿಗೆ ನಾಲ್ಕು ಗಂಟೆ ಬೇಕು ಅನ್ನಿ. ಮೂರು ಗಂಟೆ ಹೆಚ್ಚುವುದು, ತುರಿಯುವುದು, ರುಬ್ಬುವುದು. ಆಮೇಲೆ ಒಂದು ಗಂಟೆ ಒಲೆಯ ಮೇಲೆ ಕುದಿಯಬೇಕು. ಅದನ್ನು ಯಾರೂ ಪಾಲು ಹಾಕಿಕೊಳ್ಳುವ ಹಾಗಿಲ್ಲ. ನಾಲ್ಕು ಜನ ಸೇರಿದರೆ ಮೂರು ಗಂಟೆಯದ್ದು ಮುಕ್ಕಾಲು ಗಂಟೆಯಾಗುತ್ತದೆ, ಕುದಿಯುವ ಒಂದು ಗಂಟೆ ಹಾಗೇ ಉಳಿಯುತ್ತದೆ. ಒಟ್ಟು ಒಂದೂಮುಕ್ಕಾಲು ಗಂಟೆ. ಜನ ನಾಲ್ಕು ಪಟ್ಟು, ವೇಗ ಎರಡೂಕಾಲು ಪಟ್ಟಿನ ಮೇಲೆ ಚಿಲ್ಲರೆ. ಇಡೀ ನಂಜನಗೂಡು ಈಳಿಗೆಮಣೆ ಹಿಡಿದು ಬಂದು ಕೂತರೂ ಒಂದು ಗಂಟೆಗಿಂತ ಬೇಗ ಹುಳಿ ಇಳಿಯುವುದಿಲ್ಲ. ಇಷ್ಟೇ ಆಮ್ಡಾಲನ ನಿಯಮ. ನಾಲ್ಕನೆಯ ಪ್ರಜೆ ಬಸ್ಸಿನಲ್ಲಿದ್ದರೆ ಲೆಕ್ಕ ಇನ್ನೂ ಕೆಳಗಿಳಿಯುತ್ತದೆ, ಅದನ್ನು ಆಮ್ಡಾಲ್ ಹೇಳಿಲ್ಲ.

ಅದನ್ನು ಹೇಳಿದವನು ಬೇರೆ ಇದ್ದಾನೆ, ಅವನ ಕಥೆ ನಮ್ಮೂರಿಗೆ ಹೇಳಿ ಮಾಡಿಸಿದ ಹಾಗಿದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್. ಜನರ ಕೈಯಲ್ಲಿ ಹಗ್ಗ ಎಳೆಸಿ, ಒಬ್ಬನೇ ಎಳೆದರೆ ಎಷ್ಟು ಬಲ, ಗುಂಪಿನಲ್ಲಿ ಎಳೆದರೆ ತಲಾ ಎಷ್ಟು ಅಂತ ಅಳೆದ. ಒಬ್ಬನದನ್ನು ನೂರು ಅಂತ ಇಟ್ಟುಕೊಂಡರೆ, ನಾಲ್ಕು ಜನರ ಗುಂಪಿನಲ್ಲಿ ತಲಾ 77ಕ್ಕೆ, ಎಂಟು ಜನರಲ್ಲಿ 49ಕ್ಕೆ ಇಳಿಯಿತು ಅಂತ ಅವನ ಪಟ್ಟಿ ಹೇಳುತ್ತದೆ. ಎಲ್ಲರೂ ಒಂದೇ ಕ್ಷಣಕ್ಕೆ ಜಗ್ಗದೇ ಇರುವುದು ಒಂದು ಕಾರಣ. ಪಕ್ಕದವನು ಜಗ್ಗುತ್ತಾನಲ್ಲ ಅನ್ನುವ ನೆಮ್ಮದಿ ಇನ್ನೊಂದು. ಇದನ್ನು ಅವನು ಪ್ರಕಟಿಸಿದ್ದು 1913ರಲ್ಲಿ. ಅವನು ಅಲ್ಲಿ ಹಲ್ಲು ಕಚ್ಚಿ ಹಗ್ಗ ಎಳೆದವರ ಲೆಕ್ಕ ಅಚ್ಚು ಹಾಕಿಸಿದ ಅದೇ ವರ್ಷ ಇಲ್ಲಿ ಬಿ. ವಿ. ಪಂಡಿತರ ಸದ್ವೈದ್ಯಶಾಲೆ ಶುರುವಾಯಿತು, ಮುಂದೆ ಅದರ ನಂಜನಗೂಡು ಹಲ್ಲುಪುಡಿ ನಾಡಿಗೆಲ್ಲ ಗೊತ್ತಾಯಿತು. ಯಾರ ಹಲ್ಲಿಗೆ ಯಾರ ಪುಡಿ!

ರಿಂಗೆಲ್ಮನ್ನನ ಪಟ್ಟಿ ಎಂಟು ಜನರಿಗೇ ಸುಸ್ತಾಯಿತು. ಅವನು ನಮ್ಮ ದೊಡ್ಡ ಜಾತ್ರೆಯ ಪಂಚಮಹಾರಥೋತ್ಸವಕ್ಕೆ ಬಂದಿದ್ದರೆ ಗತಿ ಏನಾಗುತ್ತಿತ್ತೋ. ಗಣಪತಿಯ ತೇರು ಮುಂದೆ. ಆಮೇಲೆ ಶ್ರೀಕಂಠೇಶ್ವರನ ಗೌತಮ ರಥ. ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ತೇರುಗಳೂ ಉಂಟು. ದೊಡ್ಡ ತೇರಿನ ಹಗ್ಗಕ್ಕೆ ಕೈ ಹಚ್ಚಿದವರು ಸಾವಿರಾರು. ಅದರಲ್ಲಿ ಎಳೆಯುವವರು ಎಷ್ಟು, ಕಣ್ಣಿಗೆ ಒತ್ತಿಕೊಳ್ಳುವವರು ಎಷ್ಟು, ಸೆಲ್ಫಿಗೆ ಬಗ್ಗಿದವರು ಎಷ್ಟು ಅನ್ನುವುದನ್ನು ನಂಜುಂಡೇಶ್ವರನೇ ಬಲ್ಲ. ನಾನೂ ಎಷ್ಟೋ ಸಲ ಎರಡು ಬೆರಳು ಮುಟ್ಟಿಸಿ, ‘ತೇರು ಎಳೆದು ಬಂದೆ’ ಅಂತ ಮನೆಯಲ್ಲಿ ಹೇಳಿ ಎರಡು ಒಬ್ಬಟ್ಟು ಹೆಚ್ಚಿಗೆ ತಿಂದವನೇ. ಆದರೂ ತೇರು ಹೋಗುತ್ತದೆ. ಯಾಕೆ? ಎಳೆಯುವವರಲ್ಲಿ ಅರ್ಧ ಜನ ಕಳ್ಳರಾದರೂ, ಚಕ್ರದ ಪಕ್ಕ ಮರದ ತಡೆ ಹಿಡಿದು ಓಡುವವರು ಕಳ್ಳರಲ್ಲ. ತೇರು ಯಾವ ಕಡೆ ವಾಲುತ್ತಿದೆ, ಯಾವ ಚಕ್ರಕ್ಕೆ ತಡೆ ಕೊಟ್ಟರೆ ತಿರುಗುತ್ತದೆ ಅಂತ ನೋಡುವ ಆ ಐದಾರು ಜನರ ಕಣ್ಣು ಹಗ್ಗದ ಮೇಲಿರುವುದಿಲ್ಲ, ಚಕ್ರ ನೆಲ ಮುಟ್ಟುವ ಜಾಗದ ಮೇಲಿರುತ್ತದೆ.

ಮೂರನೆಯ ವಾರ. ಸೋಮವಾರ ಒಪ್ಪಿಸಬೇಕು, ಶನಿವಾರ ರಾತ್ರಿ ಎಲ್ಲರ ತುಂಡೂ ಜೋಡಿಸಿದರು. ಕನ್ನಡಕ ಎಂದಿನಂತೆ ‘ನನ್ನ ಪಾರ್ಟ್ ಮುಗೀತು’ ಅಂದ. ಮೊದಲ ಆಘಾತ: ಒಂದೇ ಥ್ರೆಡ್ಡಿನಲ್ಲಿ 40 ಸೆಕೆಂಡಿಗೆ ಮುಗಿಯುತ್ತಿದ್ದ ಜಾತ್ರೆ, ನಾಲ್ಕು ಥ್ರೆಡ್ಡಿನಲ್ಲಿ 52 ಸೆಕೆಂಡ್ ಹಿಡಿಯಿತು. ಹೆಜ್ಜೆ ಹೆಜ್ಜೆಗೂ ಚಿಲಕ ಹಾಕಿ ತೆಗೆಯುವುದರಲ್ಲೇ ಹೊತ್ತು ಹೋಗಿತ್ತು. ಕೆಲವು ಚಿಲಕ ಕಿತ್ತು ಹಾಕಿದರು. 14 ಸೆಕೆಂಡಿಗೆ ಬಂತು. ಹುರ್ರೇ ಅಂತ ಸ್ಲೈಡಮ್ಮ ಗುಲಾಬಿ ಹೂವು ದೊಡ್ಡದು ಮಾಡಿದಳು.

ರಾತ್ರಿ ಹತ್ತಕ್ಕೆ ಬಾಗಿಲಲ್ಲಿ ಚಪ್ಪಲಿ ಸದ್ದು. ಗುಪ್ತಗಾಮಿನಿ! ಬಸ್ಸು ಕೊನೆಗೂ ಬಂದಿತ್ತು. ಯಾರೂ ಮಾತಾಡಿಸಲಿಲ್ಲ. ಪಾಪ, ಮೂಲೆಯಲ್ಲಿ ಕೂತು ಪ್ರೋಗ್ರಾಮು ಓಡಿಸಿದ. ಐದು ನಿಮಿಷ ಕಳೆದು, “ಎರಡು ಸಾವಿರ ಜನ ಬೀದಿಗೆ ಹೋದ್ರು, ಆಚೆ ಬಂದಿರೋದು 1,937. ಮಿಕ್ಕ 63 ಜನ ಎಲ್ಲಿ?” ಅಂತ ಕೇಳಿದ.

ನಿಶ್ಶಬ್ದ. ನಾನು ಸಹಾಯ ಮಾಡೋಣ ಅಂತ, “ಜಾತ್ರೇಲಿ ಕಳೆದುಹೋಗೋದು ಇದ್ದದ್ದೇ, ಮೈಕಲ್ಲಿ ಕೂಗಿಸಿ” ಅಂದೆ. ಯಾರೂ ನಗಲಿಲ್ಲ. ಮತ್ತೆ ಓಡಿಸಿದರೆ 1,951. ಇನ್ನೊಮ್ಮೆ 1,944. ಅದೇ ಕೋಡು, ಅದೇ ಯಂತ್ರ, ಸಲಸಲಕ್ಕೂ ಬೇರೆ ಬೇರೆ ಭಕ್ತರು ಮಾಯ. ಎಲ್ಲಿ ಮಾಯವಾಗುತ್ತಾರೆ ನೋಡೋಣ ಅಂತ ನಡುವೆ ಅಲ್ಲಲ್ಲಿ ಮುದ್ರಿಸುವ ಸಾಲು ಸೇರಿಸಿದರೆ, ಎರಡು ಸಾವಿರವೂ ಸಾಲಾಗಿ ಬಂದು ನಿಂತವು! ಸಾಲು ತೆಗೆದರೆ ಮತ್ತೆ ಮಾಯ. ಮೇಷ್ಟ್ರು ಕಿಟಕಿಯಲ್ಲಿ ಇಣುಕಿದಾಗ ಮಾತ್ರ ಶಿಸ್ತಿನಿಂದ ಕೂರುವ ತರಗತಿಯ ಹಾಗೆ. ರೇಸ್ ಕಂಡಿಷನ್ ಜಾತಿಯ ತಪ್ಪಿನ ಗುಣವೇ ಅದಂತೆ. ಮುದ್ರಿಸಲು ಹೋದರೆ ಥ್ರೆಡ್ಡು ತುಸು ನಿಧಾನವಾಗುತ್ತದೆ, ನಿಧಾನವಾದರೆ ಒಂದರ ಮೇಲೊಂದು ಬೀಳುವುದು ತಪ್ಪುತ್ತದೆ.

ಇಲ್ಲಿ ನಗು ಸ್ವಲ್ಪ ನಿಲ್ಲಿಸಬೇಕು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಥೆರಾಕ್-25 ಅನ್ನುವ ಕ್ಯಾನ್ಸರ್ ಚಿಕಿತ್ಸೆಯ ಯಂತ್ರ ಆರು ಜನ ರೋಗಿಗಳಿಗೆ ವಿಪರೀತ ವಿಕಿರಣ ಹಾಯಿಸಿತು, ಕೆಲವರು ಸತ್ತರು. ಅದರ ತಂತ್ರಾಂಶದಲ್ಲಿ ಇದ್ದದ್ದೂ ಇದೇ ರೋಗ. ನಡೆಸುವವರು ಬೇಗ ಬೇಗ ಟೈಪು ಮಾಡಿ ತಿದ್ದಿದರೆ ಒಂದು ಕೆಲಸದ ಸುದ್ದಿ ಇನ್ನೊಂದಕ್ಕೆ ಮುಟ್ಟುತ್ತಿರಲಿಲ್ಲ. ನಿಧಾನವಾಗಿ ಪರೀಕ್ಷಿಸಿದವರಿಗೆ ತಪ್ಪು ಕಾಣುತ್ತಲೇ ಇರಲಿಲ್ಲ. 63 ಚುಕ್ಕಿ ಮಾಯವಾದರೆ ಮಾರ್ಕು ಹೋಗುತ್ತದೆ, ಅಷ್ಟೆ. ಚುಕ್ಕಿಯ ಜಾಗದಲ್ಲಿ ಮನುಷ್ಯರಿದ್ದರೆ?

ಮಧ್ಯರಾತ್ರಿ ತನಕ ಜಗಳ. “ನನ್ನ ಪಾರ್ಟ್ ಸರಿಗಿದೆ” ಅಂತ ಕನ್ನಡಕ. “ನನ್ನದೂ ಸರಿಗಿದೆ” ಅಂತ ಮಗಳು. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು. ಬೇರೆ ಬೇರೆ ಓಡಿಸಿದರೆ ಎರಡೂ ಸರಿ. ಕೊನೆಗೆ ಗುಪ್ತಗಾಮಿನಿ ಮೆಲ್ಲಗೆ ಹೇಳಿದ: “ನಮ್ಮೂರ ಕುಂಭಮೇಳದಲ್ಲಿ ವಾಲಂಟಿಯರ್ ಆಗಿದ್ದೆ. ಜನ ತಪ್ಪಿಸ್ಕೊಳ್ಳೋದು ಕಾವೇರಿ ಕಡೆ ಅಲ್ಲ, ಕಪಿಲೆ ಕಡೇನೂ ಅಲ್ಲ. ಎರಡೂ ಸೇರೋ ಕಡೆ. ಅಲ್ಲಿ ನಿಂತ್ಕೊಂಡು ಎಣಿಸ್ಬೇಕು.”

ತುಂಡು ತುಂಡು ಮಾಡಿದ ಬೀದಿಯ ಗಡಿಯಲ್ಲಿ ನಿಂತು ಎಣಿಸಿದರು. ಸಿಕ್ಕಿತು. ಚುಕ್ಕಿಯೊಂದು ಒಂದನೆಯ ತುಂಡಿನಿಂದ ಎರಡನೆಯದಕ್ಕೆ ದಾಟುವಾಗ, ‘ಹೋಯಿತಲ್ಲ’ ಅಂತ ಮೊದಲನೆಯ ಥ್ರೆಡ್ಡು ಅಳಿಸಿಬಿಡುತ್ತಿತ್ತು. ‘ಬಂತಲ್ಲ’ ಅಂತ ಎರಡನೆಯದು ಬರೆದುಕೊಳ್ಳುವಷ್ಟರಲ್ಲಿ ಅದೇ ಜಾಗಕ್ಕೆ ಇನ್ನೊಂದು ಚುಕ್ಕಿ ಬಂದು, ಒಂದರ ಮೇಲೊಂದು ಬರೆದು ಒಂದು ಅಳಿದುಹೋಗುತ್ತಿತ್ತು. ಬೇಗ ಆಗಲಿ ಅಂತ ಕಿತ್ತುಹಾಕಿದ ಚಿಲಕಗಳಲ್ಲಿ ಬೇಕಾದದ್ದೂ ಒಂದಿತ್ತು. ಎರಡು ಪಂಚಾಯಿತಿಯ ಗಡಿಯಲ್ಲಿ ಬಿದ್ದ ರಸ್ತೆ ಗುಂಡಿ ನೋಡಿದ್ದೀರಲ್ಲ, ಈ ಕಡೆಯವರು ಆ ಕಡೆಯವರದ್ದು ಅನ್ನುತ್ತಾರೆ, ಆ ಕಡೆಯವರು ಈ ಕಡೆಯವರದ್ದು ಅನ್ನುತ್ತಾರೆ, ಬೀಳುವವನು ಮಾತ್ರ ಯಾವ ಕಡೆಯವನಾದರೂ ಬೀಳುತ್ತಾನೆ. ಮಕ್ಕಳ ಬೀದಿಯಲ್ಲೂ ಅದೇ ಗುಂಡಿ. ಚುಕ್ಕಿ ನಡೆಸುವುದು ಒಬ್ಬರ ಪಾಲು, ಬೀದಿ ತುಂಡು ಮಾಡುವುದು ಒಬ್ಬರ ಪಾಲು, ತುಂಡು ಸೇರುವ ಜಾಗ ಯಾರ ಪಾಲೂ ಅಲ್ಲ. ಯಾವ ಪಾಲೂ ಇಲ್ಲದವನ ಕಣ್ಣಿಗೆ ಮಾತ್ರ ಅದು ಬಿತ್ತು.

ಹಾಲಿನ ಅಕ್ಕನ ಮಾತು ಆಗ ನನಗೆ ಹೊಳೆಯಿತು. ಹಂಚಿಕೊಂಡಿರಾ ಅಂತ ಅವರು ಕೇಳಿದ್ದು, ಅಂಚು ಅಂತ ನಮಗೆ ಕೇಳಿಸಿದ್ದು. ನಗಬಾರದಿತ್ತು. ಹಂಚಿದ ಮೇಲೆ ಹುಟ್ಟುವುದೇ ಅಂಚು. ಒಂದನ್ನು ನಾಲ್ಕು ಮಾಡಿದರೆ ಪಾಲು ನಾಲ್ಕು, ಜೊತೆಗೆ ಮೂರು ಅಂಚು; ಆ ಮೂರನ್ನು ಯಾವ ಪಟ್ಟಿಯಲ್ಲೂ ಯಾರ ಹೆಸರಿನ ಮುಂದೂ ಬರೆದಿರುವುದಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡಿದರೆ ಕನ್ನಡಕ ಸೋಫಾದ ಮೇಲೆ, ಸ್ಲೈಡಮ್ಮ ಒಳಗೆ ನನ್ನ ಹೆಂಡತಿಯ ಪಕ್ಕ, ಗುಪ್ತಗಾಮಿನಿ ಕುರ್ಚಿಯಲ್ಲೇ ನಿದ್ದೆ. ಮಗಳೊಬ್ಬಳು ಕೆಂಪು ಕಣ್ಣು ಬಿಟ್ಟುಕೊಂಡು ಕೂತಿದ್ದಳು. ತಪ್ಪು ಕಂಡುಹಿಡಿಯುವುದು ಬೇರೆ, ಕೂತು ತಿದ್ದುವುದು ಬೇರೆ. ಅವಳನ್ನು ನೋಡಿ ಸಮುದ್ರಮಥನ ನೆನಪಾಯಿತು, ನಮ್ಮೂರಿನ ಹೆಸರೇ ಆ ಕಥೆಯದ್ದು. ಅದಕ್ಕಿಂತ ದೊಡ್ಡ ಗುಂಪು ಪ್ರಾಜೆಕ್ಟು ಪುರಾಣದಲ್ಲಿ ಬೇರೆ ಇಲ್ಲ. ಹಗ್ಗ ಒಂದೇ, ಎಳೆಯುವ ಗುಂಪು ಎರಡು, ಕಡೆಗೋಲಿನ ಕೆಳಗೆ ಬೆನ್ನು ಕೊಟ್ಟ ಆಮೆ ಒಂದು. ಮೊದಲು ಬಂದದ್ದು ಅಮೃತವಲ್ಲ, ವಿಷ. ಅದನ್ನು ಕುಡಿಯುವುದಕ್ಕೆ ಎಳೆದವರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಹಗ್ಗ ಮುಟ್ಟದ ಶಿವ ಬಂದು ಉಂಡ, ನಂಜುಂಡನಾದ. ಅರ್ಧ ಹಗ್ಗ ಎಳೆದ ಅಸುರರಿಗೆ ಇಂಟರ್ನಲ್ಸ್ ಸೊನ್ನೆ. ಸಾಲಿನಲ್ಲಿ ವೇಷ ಮರೆಸಿ ಕೂತ ರಾಹು ವೈವಾದಲ್ಲಿ ಸಿಕ್ಕಿಬಿದ್ದ. ಅಂದಿನಿಂದ ಇಂದಿನವರೆಗೂ ಗುಂಪಿಗೊಬ್ಬ ನಂಜುಂಡ ತಪ್ಪಿದ್ದಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅಂತ ಹಿರಿಯರು ಹೇಳಿದ್ದು ಕೂಡಿ ಕೊಡುವುದರ ಹಿರಿಮೆಗೆ. ಕಾಲೇಜಿನಲ್ಲಿ ಅದರ ಅರ್ಥ ಹತ್ತು ಜನರದ್ದನ್ನು ಒಬ್ಬ ಹೊರುವುದು ಅಂತಾಗಿದೆ.

ನಂಜುಂಡನನ್ನು ಹೊಗಳುವುದು ಸುಲಭ, ದೇವಸ್ಥಾನವನ್ನೇ ಕಟ್ಟಿಬಿಡಬಹುದು. ಆದರೆ ನನಗನ್ನಿಸುತ್ತದೆ, ಪ್ರತಿ ಸಲವೂ ಒಬ್ಬ ನಂಜುಂಡ ಬೇಕಾಗುತ್ತಿದ್ದರೆ ತಪ್ಪು ನಂಜಿನದ್ದಲ್ಲ, ಹಂಚಿಕೆಯದ್ದು. ಅಂಚುಗಳನ್ನೂ ಮೊದಲೇ ಹೆಸರು ಹಿಡಿದು ಹಂಚಿದ್ದರೆ ನಂಜು ಗುಟುಕು ಗುಟುಕಾಗಿ ಎಲ್ಲರಿಗೂ ಬರುತ್ತಿತ್ತು, ಯಾರ ಗಂಟಲೂ ನೀಲಿಯಾಗುತ್ತಿರಲಿಲ್ಲ.

ಸೋಮವಾರ ಪ್ರಾಜೆಕ್ಟು ಒಪ್ಪಿಸಿದರು. ಎರಡು ಸಾವಿರ ಭಕ್ತರೂ ಕ್ಷೇಮ, ಸಮಯ 17 ಸೆಕೆಂಡ್. ಮೂರು ಸೆಕೆಂಡು ಅಂಚು ಕಾಯುವುದಕ್ಕೆ ಹೋಯಿತು. ಮೇಷ್ಟ್ರು ಕೇಳಿದ ಒಂದೇ ಪ್ರಶ್ನೆ, “ಚುಕ್ಕಿ ಕಳೆದುಹೋಗಿಲ್ಲ ಅಂತ ಹೇಗೆ ಗೊತ್ತು?” ಉತ್ತರ ಹೇಳಿದವನು ಗುಪ್ತಗಾಮಿನಿ. ಗುಲಾಬಿ ಹೂವನ್ನು ಯಾರೂ ಗಮನಿಸಲಿಲ್ಲ. ನಾಲ್ವರಿಗೂ ಸಮ ಮಾರ್ಕು ಬಂತು. ಇದು ಅನ್ಯಾಯ ಅಂತ ಮಗಳು ಎರಡು ದಿನ ಗೊಣಗಿದಳು, ಮೂರನೆಯ ದಿನ ಅದೇ ನಾಲ್ವರು ಮುಂದಿನ ಪ್ರಾಜೆಕ್ಟಿಗೂ ಹೆಸರು ಕೊಟ್ಟರು.

ಇಷ್ಟೆಲ್ಲ ಪಾಂಡಿತ್ಯ ಗಳಿಸಿದ ಖುಷಿಯಲ್ಲಿ ಅಂದು ರಾತ್ರಿ ಹೆಂಡತಿಗೆ ಅಂಚಿನ ಉಪನ್ಯಾಸ ಕೊಟ್ಟೆ. ಅವಳು ಪೂರ್ತಿ ಕೇಳಿ, “ಮೂವತ್ತು ವರ್ಷದಿಂದ ಈ ಮನೆ ಪ್ರಾಜೆಕ್ಟಲ್ಲಿ ನೀವು ಯಾವ ನದಿ?” ಅಂದಳು. ಉತ್ತರ ಹೊಳೆಯಲಿಲ್ಲ. ಅಂದಿನಿಂದ ರಾತ್ರಿಯ ಪಾತ್ರೆ ತೊಳೆಯುವುದು ನನ್ನ ಪಾಲಿಗೆ ಬಂದಿದೆ, ಬೆಳಗ್ಗೆ ಅವುಗಳನ್ನು ಬಳಸುವುದು ಅವಳ ಪಾಲು. ತೊಳೆದದ್ದನ್ನು ಒರೆಸಿ ಗೂಡಿಗೆ ಜೋಡಿಸುವುದು ಯಾರ ಪಾಲು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಪಾತ್ರೆಗಳು ಕಟ್ಟೆಯ ಅಂಚಿನಲ್ಲೇ ಇವೆ.